ಉಸಿರಿನ ಪರೀಕ್ಷೆಯ ಚೀಟಿ: ‘ಅಡಚಣೆ’ ಎನ್ನಲು ಯಾವ ಅಳತೆಗೋಲು?

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹದಕ್ಕೆ ಬಂದ ಮೇಲೆ, ಅದುವರೆಗೆ ಮುಂದೂಡುತ್ತ ಬಂದ ಆಸ್ಪತ್ರೆಯ ಕೆಲಸವನ್ನು ಕೈಗೆತ್ತಿಕೊಳ್ಳುವುದು ನಮ್ಮ ಬೆಳೆಗಾರರ ವಾಡಿಕೆ. ಕೆಮ್ಮು, ದಮ್ಮು, ಏರು ಹತ್ತುವಾಗ ಏದುಸಿರು ಎಂದು ಹೋದವರಿಗೆ ಈಗ ಎದೆಯ ಎಕ್ಸ್‌ರೇ ಜೊತೆಗೆ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಒಂದು ಕಾಗದ ಕೈಗೆ ಬರುತ್ತದೆ. ಅದರಲ್ಲಿ ನಾಲ್ಕಾರು ಸಾಲು ಅಂಕಿಗಳು, ಒಂದೆರಡು ಬಾಗಿದ ಗೆರೆಗಳು, ಕೆಳಗೆ ‘ಅಬ್‌ಸ್ಟ್ರಕ್ಷನ್’ ಎಂದೋ ‘ನಾರ್ಮಲ್’ ಎಂದೋ ಒಂದು ಮಾತು. ಅಬ್‌ಸ್ಟ್ರಕ್ಷನ್ ಎಂದರೆ ಶ್ವಾಸನಾಳದಲ್ಲಿ ಅಡಚಣೆ. ಜೀವಮಾನವಿಡೀ ಇನ್ಹೇಲರ್ ಸೇದಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಸ್ವಾರಸ್ಯವೆಂದರೆ, ಅದೇ ಕಾಗದ, ಅವೇ ಅಂಕಿಗಳು ಒಬ್ಬ ವೈದ್ಯರ ಅಳತೆಯಂತೆ ರೋಗವಾಗಿಯೂ ಇನ್ನೊಬ್ಬರ ಅಳತೆಯಂತೆ ಆರೋಗ್ಯವಾಗಿಯೂ ಕಾಣಬಹುದು. ಇಬ್ಬರಲ್ಲಿ ಯಾರೂ ಓದು ಮರೆತವರಲ್ಲ. ಜಗತ್ತಿನ ಶ್ವಾಸಕೋಶ ತಜ್ಞರೇ ಈ ವಿಷಯದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎರಡು ಪಂಗಡವಾಗಿದ್ದಾರೆ. ಕಾಗದ ನಮ್ಮದು, ಉಸಿರೂ ನಮ್ಮದು. ಆದುದರಿಂದ ಈ ವಾದ ಏನೆಂಬುದನ್ನು ನಾವೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ತೊಟ್ಟಿ ಮತ್ತು ಪೈಪು

ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನು ನೆನಪಿಗೆ ತಂದುಕೊಳ್ಳಿ. ಮರದ ತಲೆಗೆ ದ್ರಾವಣ ಸರಿಯಾಗಿ ಏರಲಿಲ್ಲವೆಂದರೆ ಎರಡು ಕಾರಣಗಳಿರಬಹುದು. ತೊಟ್ಟಿಯೇ ಚಿಕ್ಕದಾಗಿರಬಹುದು, ಅಥವಾ ತೊಟ್ಟಿ ದೊಡ್ಡದಿದ್ದೂ ಪೈಪಿನಲ್ಲಿ ಗಸಿ ಕಟ್ಟಿರಬಹುದು. ಎದೆಯ ವಿಚಾರವೂ ಹೀಗೆಯೇ. ಎದೆತುಂಬ ಉಸಿರೆಳೆದುಕೊಂಡು, ಬಲವಾಗಿ, ಒಂದೇ ಸಮನೆ, ಇನ್ನು ಹೊರಬರಲು ಏನೂ ಇಲ್ಲವೆನ್ನುವವರೆಗೆ ಊದಿದಾಗ ಬರುವ ಒಟ್ಟು ಗಾಳಿಯನ್ನು ಎಫ್.ವಿ.ಸಿ. ಎನ್ನುತ್ತಾರೆ. ಅದು ತೊಟ್ಟಿಯ ಅಳತೆ. ಆ ಊದಿಕೆಯ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ ಎಫ್.ಇ.ವಿ.1. ಇದನ್ನು ಅದರಿಂದ ಭಾಗಿಸಿದರೆ ಸಿಗುವ ಪ್ರಮಾಣವೇ ಪೈಪಿನ ಸ್ಥಿತಿಯನ್ನು ಹೇಳುತ್ತದೆ. ಆರೋಗ್ಯವಂತ ತರುಣ ತನ್ನ ಗಾಳಿಯ ನೂರಕ್ಕೆ ಎಂಬತ್ತು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾನೆ. ಶ್ವಾಸನಾಳ ಕಿರಿದಾದವನಿಗೆ ಅದು ಸಾಧ್ಯವಾಗದು. ಗಾಳಿ ಹೊರಬರಲು ಹೊತ್ತು ಹಿಡಿಯುತ್ತದೆ, ಪ್ರಮಾಣ ಇಳಿಯುತ್ತದೆ.

ಒಟ್ಟು ಗಾಳಿಯನ್ನು ಅಳೆಯುವ ಕೆಲಸ ಹಳೆಯದು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್‌ಸನ್ ಎಂಬ ವೈದ್ಯ ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ಗಂಟೆಯಂಥ ಉಪಕರಣದಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು ವರದಿ ಮಾಡಿದ. ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಕುಸ್ತಿಪಟುಗಳು, ದಿಕ್ಕಿಲ್ಲದ ಬಡವರು, ಹೀಗೆ ಎಲ್ಲ ಬಗೆಯ ಜನರನ್ನೂ ಊದಿಸಿದ್ದ. ಆಳು ಎತ್ತರವಾದಷ್ಟೂ ಗಾಳಿ ಹೆಚ್ಚು, ವಯಸ್ಸು ಏರಿದಂತೆ ಗಾಳಿ ಕಡಿಮೆ ಎಂಬುದು ಅವನಿಗೆ ಆಗಲೇ ಸ್ಪಷ್ಟವಾಗಿತ್ತು. ಊದಿಕೆಗೆ ಗಡಿಯಾರ ಜೋಡಿಸಿ ಮೊದಲ ಸೆಕೆಂಡಿನ ಗಾಳಿಗೆ ಮಹತ್ವ ತಂದದ್ದು ಅದಾದ ಮೇಲೆ ಒಂದು ಶತಮಾನ ಕಳೆದು, 1947ರಲ್ಲಿ, ಫ್ರಾನ್ಸಿನ ಟಿಫ್ನೊ ಮತ್ತು ಪಿನೆಲ್ಲಿ.

ಇಷ್ಟರವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಪ್ರಮಾಣ ಎಷ್ಟಕ್ಕಿಂತ ಇಳಿದರೆ ಅಡಚಣೆ ಎನ್ನಬೇಕು ಎಂಬಲ್ಲಿ.

ಒಂದೇ ಗೆರೆಯವರು

ಒಂದು ಪಂಗಡ 0.70 ಎಂದು ಗೆರೆ ಎಳೆದಿದೆ. ಗೋಲ್ಡ್ ಎಂಬ ಹೆಸರಿನ ಅಂತರರಾಷ್ಟ್ರೀಯ ತಜ್ಞರ ಕೂಟ 2001ರಲ್ಲಿ ಸಿ.ಓ.ಪಿ.ಡಿ. ಕುರಿತು ತನ್ನ ಮೊದಲ ವರದಿಯನ್ನು ಹೊರತಂದಿತು. ಸಿ.ಓ.ಪಿ.ಡಿ. ಎಂದರೆ ಹೊಗೆ, ಧೂಳುಗಳಿಂದ ಶ್ವಾಸನಾಳ ಕಾಯಮ್ಮಾಗಿ ಕಿರಿದಾಗುವ ಕಾಯಿಲೆ. ನಾಳ ಹಿಗ್ಗಿಸುವ ಔಷಧಿ ಕೊಟ್ಟು ಊದಿಸಿದ ಮೇಲೂ ಪ್ರಮಾಣ 0.70ಕ್ಕಿಂತ ಕಡಿಮೆ ಇದ್ದರೆ ಅಡಚಣೆ ಎಂದು ತಿಳಿಯಬೇಕೆಂಬುದು ಅವರ ಸೂತ್ರ. ಇಪ್ಪತ್ತರ ಹುಡುಗನಿಗೂ ಎಂಬತ್ತರ ಅಜ್ಜನಿಗೂ, ಗಂಡಿಗೂ ಹೆಣ್ಣಿಗೂ ಅದೇ ಗೆರೆ. ಗೋಲ್ಡ್ ಇಂದಿಗೂ ಈ ಸೂತ್ರವನ್ನು ಬಿಟ್ಟಿಲ್ಲ.

ಇದರ ಗುಣ ಸರಳತೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಯಾವ ಕೋಷ್ಟಕವನ್ನೂ ತೆರೆಯಬೇಕಾಗಿಲ್ಲ. ಒಣಗಿಸಿದ ಪಾರ್ಚ್‌ಮೆಂಟಿಗೆ ತೇವಾಂಶ ನೂರಕ್ಕೆ ಹತ್ತು ಎಂದು ಗೊತ್ತುಮಾಡಿಕೊಂಡ ಹಾಗೆ ಒಂದೇ ಮಾತು, ಎಲ್ಲರ ಬಾಯಲ್ಲೂ ನಿಲ್ಲುವಂಥದ್ದು. ಆದರೆ ಕಾಫಿ ಬೀಜಕ್ಕೆ ವಯಸ್ಸಾಗುವ ಪ್ರಶ್ನೆ ಕಣದಲ್ಲಿ ಏಳುವುದಿಲ್ಲ. ಮನುಷ್ಯನ ಶ್ವಾಸಕೋಶಕ್ಕೆ ವಯಸ್ಸಾಗುತ್ತದೆ. ರಬ್ಬರು ಸಡಿಲವಾಗುವಂತೆ ಅದರ ಪುಟಿತ ಕಡಿಮೆಯಾಗಿ, ಬೀಡಿ ಮುಟ್ಟದವನಲ್ಲೂ ಈ ಪ್ರಮಾಣ ವರ್ಷದಿಂದ ವರ್ಷಕ್ಕೆ ಅಷ್ಟಷ್ಟೇ ಇಳಿಯುತ್ತ ಹೋಗುತ್ತದೆ.

ವಯಸ್ಸಿಗೆ ತಕ್ಕ ಗೆರೆಯವರು

ಹದಿನೈದು ವರ್ಷದ ಅಡಿಕೆ ಮರಕ್ಕೂ ಅರವತ್ತು ವರ್ಷದ ಮರಕ್ಕೂ ಒಂದೇ ಇಳುವರಿ ನಿಗದಿ ಮಾಡಿ, ಅದಕ್ಕಿಂತ ಕಡಿಮೆ ಬಿಟ್ಟದ್ದಕ್ಕೆಲ್ಲ ರೋಗದ ಗುರುತು ಬಳಿಯುತ್ತ ಹೋದರೆ ಏನಾದೀತು? ಮುದಿ ಮರಗಳೆಲ್ಲ ರೋಗಿಗಳಾಗುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೆಚ್ಚು ಬಿಡಬೇಕಾಗಿದ್ದ ಎಳೆಮರವೊಂದು ಬೇರು ಕೊಳೆತು ಸೊರಗುತ್ತಿದ್ದರೂ ಗೆರೆಗಿಂತ ಸ್ವಲ್ಪ ಮೇಲಿದೆ ಎಂಬ ಕಾರಣಕ್ಕೆ ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತದೆ. ಎರಡನೆಯ ಪಂಗಡದ ವಾದ ಇಷ್ಟೇ.

ಅವರ ವಿಧಾನ ಹೀಗಿದೆ. ಒಂದೇ ವಯಸ್ಸು, ಒಂದೇ ಎತ್ತರ, ಒಂದೇ ಲಿಂಗದ ನೂರು ಮಂದಿ ಆರೋಗ್ಯವಂತರನ್ನು ಪ್ರಮಾಣದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ಕೆಳತುದಿಯ ಐವರನ್ನು ಬಿಟ್ಟು ಅಲ್ಲಿ ಗೆರೆ ಎಳೆಯುವುದು. ಇದಕ್ಕೆ ಎಲ್.ಎಲ್.ಎನ್., ಅಂದರೆ ಸಹಜತೆಯ ಕೆಳಮಿತಿ ಎಂದು ಹೆಸರು. ಈಚಿನ ಯಂತ್ರಗಳು ಇದನ್ನೇ ‘ಝೆಡ್ ಸ್ಕೋರ್’ ಎಂಬ ಅಂಕಿಯಲ್ಲಿ ಮುದ್ರಿಸುತ್ತವೆ. ಅದು ಮೈನಸ್ 1.645ಕ್ಕಿಂತ ಕೆಳಗಿದ್ದರೆ ಗೆರೆಗಿಂತ ಕೆಳಗೆ ಎಂದರ್ಥ. ಅಮೆರಿಕ ಮತ್ತು ಯೂರೋಪಿನ ಶ್ವಾಸಕೋಶ ತಜ್ಞರ ಸಂಘಗಳು 2005ರಲ್ಲಿ ಜಂಟಿಯಾಗಿ ಈ ಮಾರ್ಗವನ್ನು ಹಿಡಿದವು, 2022ರಲ್ಲಿ ಪ್ರಕಟವಾದ ಹೊಸ ಸೂಚನೆಗಳಲ್ಲಿ ಮತ್ತೆ ಎತ್ತಿಹಿಡಿದವು. ನಡುವೆ 2012ರಲ್ಲಿ 26 ದೇಶಗಳ 74,187 ಮಂದಿ ಧೂಮಪಾನ ಮಾಡದ ಆರೋಗ್ಯವಂತರ ಅಳತೆಗಳನ್ನು ಒಟ್ಟುಗೂಡಿಸಿ, ಮೂರು ವರ್ಷದ ಮಗುವಿನಿಂದ ತೊಂಬತ್ತೈದರ ಮುದುಕರವರೆಗೆ ಸಲ್ಲುವ ಸೂತ್ರಗಳು ಸಿದ್ಧವಾದವು.

ಆ ಲೆಕ್ಕದಂತೆ ಇಪ್ಪತ್ತೈದು ವರ್ಷದ ಗಂಡಸಿಗೆ ಕೆಳಮಿತಿ 0.73ರ ಆಸುಪಾಸು. ಎಪ್ಪತ್ತು ವರ್ಷದವನಿಗೆ 0.64ರ ಆಸುಪಾಸು. ಹೆಂಗಸರಿಗೆ ಕೊಂಚ ಮೇಲೆ. ನಲವತ್ತು–ಐವತ್ತರ ನಡುವೆ ಎಲ್ಲೋ ಎರಡೂ ಗೆರೆಗಳು ಒಂದನ್ನೊಂದು ದಾಟುತ್ತವೆ. ಹಾಗಾಗಿ ನಡುವಯಸ್ಸಿನವರ ಮಟ್ಟಿಗೆ ಈ ಜಗಳ ಹೆಚ್ಚು ಬಾಧಕವಲ್ಲ. ಬಾಧಕವಾಗುವುದು ಎರಡು ತುದಿಯವರಿಗೆ.

ಲೆಕ್ಕ ಹಾಕಿಯೇ ನೋಡೋಣ. ಎಪ್ಪತ್ತೆರಡು ವರ್ಷದ ಒಬ್ಬ ಬೆಳೆಗಾರರು ಎಂದು ಇಟ್ಟುಕೊಳ್ಳಿ. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಕೆಮ್ಮಿಲ್ಲ. ಏರು ಹತ್ತಿದರೆ ಏದುಸಿರು ಬರುತ್ತದೆ, ಸಂಜೆ ಕಾಲು ಊದುತ್ತದೆ. ಎಫ್.ವಿ.ಸಿ. 2.70 ಲೀಟರು, ಎಫ್.ಇ.ವಿ.1 1.81 ಲೀಟರು, ಪ್ರಮಾಣ 0.67. ಮೊದಲ ಸೂತ್ರದಂತೆ ಇವರು ಸಿ.ಓ.ಪಿ.ಡಿ. ರೋಗಿ. ಎರಡನೆಯದರಂತೆ ಇವರ ಶ್ವಾಸನಾಳ ವಯಸ್ಸಿಗೆ ತಕ್ಕಂತೆಯೇ ಇದೆ. ಏದುಸಿರಿಗೆ ಕಾರಣ ಹೃದಯವೋ ರಕ್ತಹೀನತೆಯೋ ಹುಡುಕಬೇಕು. ಚೀಟಿಯಲ್ಲಿ ‘ಅಡಚಣೆ’ ಎಂದು ಬಿದ್ದೊಡನೆ ಎಲ್ಲರಿಗೂ ಸಮಾಧಾನವಾಗಿ ಆ ಹುಡುಕಾಟ ನಿಂತುಬಿಡುವ ಅಪಾಯವಿದೆ. ಸ್ಟೀರಾಯ್ಡ್ ಬೆರೆತ ಇನ್ಹೇಲರನ್ನು ಅಗತ್ಯವಿಲ್ಲದೆ ವರ್ಷಗಟ್ಟಲೆ ಸೇದಿದರೆ ಖರ್ಚಿನ ಮಾತು ಹಾಗಿರಲಿ, ನ್ಯುಮೋನಿಯಾ ಸಂಭವವೂ ಹೆಚ್ಚುತ್ತದೆಂದು ತಿಳಿದುಬಂದಿದೆ.

ಇನ್ನೊಂದು ತುದಿಯಲ್ಲಿ ಇಪ್ಪತ್ತೆಂಟರ ತರುಣ. ಕಾಫಿ ಕ್ಯೂರಿಂಗ್ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ಎದೆ ಗುಯ್‌ಗುಟ್ಟುತ್ತದೆ. ಎಫ್.ವಿ.ಸಿ. 4.00 ಲೀಟರು, ಎಫ್.ಇ.ವಿ.1 2.84 ಲೀಟರು, ಪ್ರಮಾಣ 0.71. ಮೊದಲ ಸೂತ್ರ ಇವನನ್ನು ‘ನಾರ್ಮಲ್’ ಎಂದು ಮನೆಗೆ ಕಳಿಸುತ್ತದೆ. ಎರಡನೆಯದು ತಡೆದು ನಿಲ್ಲಿಸುತ್ತದೆ. ಹಸಿರು ಕಾಫಿ ಬೀಜದ ಧೂಳು ಕೆಲವರಲ್ಲಿ ಅಲರ್ಜಿ ಹುಟ್ಟಿಸಿ ಆಸ್ತಮಾ ತರಬಲ್ಲದೆಂಬುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಬೇಗ ಗುರುತಿಸಿ ಅವನನ್ನು ಧೂಳಿನಿಂದ ಬೇರೆ ಕೆಲಸಕ್ಕೆ ಹಾಕಿದರೆ ಗುಣವಾಗುವ ಸಂಭವ ಹೆಚ್ಚು. ಹತ್ತು ವರ್ಷ ಬಿಟ್ಟು ಗುರುತಿಸಿದರೆ ಅಷ್ಟರಮಟ್ಟಿಗೆ ಆ ಆಸೆ ಕ್ಷೀಣ. ನನ್ನ ಮಟ್ಟಿಗೆ ಈ ಎರಡು ತಪ್ಪುಗಳಲ್ಲಿ ಇದೇ ಹೆಚ್ಚು ದುಬಾರಿಯದು.

ಆದರೂ ತೀರ್ಪು ಒಂದೇ ಕಡೆಗಿಲ್ಲ

ಇಷ್ಟು ಓದಿದವರು, ಹಾಗಾದರೆ ವಯಸ್ಸಿಗೆ ತಕ್ಕ ಗೆರೆಯೇ ಸರಿ, ಇನ್ನೇಕೆ ವಾದ ಎಂದು ಕೇಳಬಹುದು. ಮೊದಲ ಪಂಗಡದವರೂ ಬರಿಗೈಯಲ್ಲಿಲ್ಲ. 2019ರಲ್ಲಿ ಅಮೆರಿಕದಲ್ಲಿ 45 ದಾಟಿದ 24,207 ಮಂದಿಯ ಹಲವು ವರ್ಷಗಳ ದಾಖಲೆಗಳನ್ನು ತಾಳೆ ನೋಡಿ ಒಂದು ಅಧ್ಯಯನ ಪ್ರಕಟವಾಯಿತು. ಮುಂದೆ ಸಿ.ಓ.ಪಿ.ಡಿ.ಯಿಂದ ಆಸ್ಪತ್ರೆ ಸೇರುವವರು, ಸಾಯುವವರು ಯಾರೆಂದು ಮುಂಚಿತವಾಗಿ ಗುರುತಿಸುವಲ್ಲಿ 0.70ರ ಗೆರೆ ಕೆಳಮಿತಿಯ ಗೆರೆಗಿಂತ ಹಿಂದೆ ಬೀಳಲಿಲ್ಲ. ವಯಸ್ಸಾದವರಲ್ಲಿ ‘ಸಹಜ’ ಎಂದು ನಾವು ಕರೆಯುವ ಇಳಿತವೂ ಅಪಾಯವನ್ನೇ ಸೂಚಿಸುತ್ತಿರಬಹುದಲ್ಲವೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ಹುರುಳಿದೆ. ಎಲ್ಲರಿಗೂ ಕೂದಲು ನೆರೆಯುತ್ತದೆಂಬುದು ನಿಜ. ಎಲ್ಲರಿಗೂ ಆಗುವುದೆಲ್ಲ ನಿರಪಾಯ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೆ ಆ ಅಧ್ಯಯನದಲ್ಲಿ ಎಳೆಯರು ಇರಲಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ಮೇಲೆ ಹೇಳಿದ ತರುಣನ ಪಾಲಿಗೆ ಅದು ಏನನ್ನೂ ಹೇಳುವುದಿಲ್ಲ.

ಇನ್ನೊಂದು ತೊಡಕು ನಮ್ಮದೇ. ಕೆಳಮಿತಿ ಎಳೆಯಲು ನಿಲ್ಲಿಸಿದ ಆ ನೂರು ಮಂದಿ ಯಾವ ಊರಿನವರು? 2012ರ ಸೂತ್ರಗಳಲ್ಲಿ ಬಿಳಿಯರಿಗೆ, ಕರಿಯ ಅಮೆರಿಕನ್ನರಿಗೆ, ಈಶಾನ್ಯ ಹಾಗೂ ಆಗ್ನೇಯ ಏಷ್ಯದವರಿಗೆ ಬೇರೆ ಬೇರೆ ಕೋಷ್ಟಕಗಳಿದ್ದವು. ಭಾರತದವರಿಗೆಂದು ಒಂದು ಇರಲಿಲ್ಲ. ನಮ್ಮಲ್ಲಿ ಕೆಲವು ಯಂತ್ರಗಳಲ್ಲಿ ಯೂರೋಪಿನ ಅಂಕಿಗಳನ್ನೇ ನೂರಕ್ಕೆ ಇಷ್ಟೆಂದು ತಗ್ಗಿಸಿ ಬಳಸುವ ಪದ್ಧತಿ ಬಹಳ ಕಾಲ ನಡೆಯಿತು. ಭಾರತದ ಉತ್ತರ, ದಕ್ಷಿಣ, ಪಶ್ಚಿಮ ಭಾಗಗಳಲ್ಲಿ ಸ್ಥಳೀಯ ಅಳತೆಗಳಿಂದ ಮಾಡಿದ ಸೂತ್ರಗಳಿವೆ, ಆದರೆ ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ. ಈಚೆಗೆ, 2023ರಲ್ಲಿ, ಜನಾಂಗದ ಭೇದವನ್ನೇ ಕೈಬಿಟ್ಟ ಒಂದೇ ಜಾಗತಿಕ ಕೋಷ್ಟಕವನ್ನು ಬಳಸಬೇಕೆಂದು ಅಮೆರಿಕದ ಸಂಘ ಸಲಹೆ ಮಾಡಿತು. ಇಷ್ಟೆಲ್ಲ ಗೊಂದಲದ ನಡುವೆ ಒಂದು ಸಮಾಧಾನವಿದೆ. ಜನಾಂಗದಿಂದ ಜನಾಂಗಕ್ಕೆ ಹೆಚ್ಚು ಬದಲಾಗುವುದು ಒಟ್ಟು ಗಾಳಿಯ ಅಳತೆ, ತೊಟ್ಟಿಯ ಗಾತ್ರ. ಎರಡೂ ಗಾಳಿಗಳ ಪ್ರಮಾಣದಲ್ಲಿ ಆ ವ್ಯತ್ಯಾಸ ಅಲ್ಪ.

ಭಾರತದ ಶ್ವಾಸಕೋಶ ತಜ್ಞರ ಎರಡು ಸಂಘಗಳು 2013ರ ತಮ್ಮ ಸಿ.ಓ.ಪಿ.ಡಿ. ಸೂಚನೆಗಳಲ್ಲಿ ನಡುದಾರಿ ಹಿಡಿದವು. ಕೆಳಮಿತಿ ಸಿಗುವಲ್ಲಿ ಅದನ್ನೇ ಬಳಸಿ, ಸಿಗದಿದ್ದಲ್ಲಿ 0.70 ಆದೀತು ಎಂದವು. ಬ್ರಿಟನ್ನಿನ ಸರ್ಕಾರಿ ಸೂಚನೆಯದು ಇನ್ನೂ ರೈತಬುದ್ಧಿಯ ಮಾತು: 0.70 ಇಟ್ಟುಕೊಳ್ಳಿ, ಆದರೆ ಲಕ್ಷಣವಿಲ್ಲದ ಮುದುಕರಲ್ಲಿ ಅದಕ್ಕಿಂತ ಕಡಿಮೆ ಬಂದರೆ ಬೇರೆ ಕಾರಣ ಯೋಚಿಸಿ, ಲಕ್ಷಣವಿರುವ ಎಳೆಯರಲ್ಲಿ ಅದಕ್ಕಿಂತ ಹೆಚ್ಚು ಬಂದರೂ ಕೈಬಿಡಬೇಡಿ. ನನಗೆ ಇದೇ ಒಪ್ಪಿಗೆಯಾಗುವುದು. ಗೆರೆ ಯಾವುದೇ ಇರಲಿ, ಊದಿದವನು ಯಾರು ಎಂಬುದನ್ನು ನೋಡದೆ ಗೆರೆಗೆ ಅರ್ಥವಿಲ್ಲ. ಮೂವತ್ತು ವರ್ಷ ಬೀಡಿ ಸೇದಿದವನಲ್ಲಿ ಗೆರೆಯ ಅಂಚಿನ ಅಂಕಿಯೂ ಎಚ್ಚರಿಕೆಯೇ. ಯಾವ ತೊಂದರೆಯೂ ಇಲ್ಲದೆ, ಉಚಿತ ಶಿಬಿರವೆಂದು ಹೋಗಿ ಊದಿ ಬಂದವನಲ್ಲಿ ಅದೇ ಅಂಕಿ ಬಹುಶಃ ಏನೂ ಅಲ್ಲ. ಕೆಳಮಿತಿಯ ಗೆರೆ ಎಳೆದದ್ದೇ ನೂರು ಆರೋಗ್ಯವಂತರಲ್ಲಿ ಐವರು ಕೆಳಗೆ ಬೀಳುವ ಹಾಗೆ ಎಂಬುದನ್ನು ನೆನಪಿಡಬೇಕು. ಇನ್ನೂರು ಮಂದಿ ಗಟ್ಟಿಗರನ್ನು ಊದಿಸಿದರೆ ಸುಮಾರು ಹತ್ತು ಮಂದಿಗೆ ಸುಮ್ಮಸುಮ್ಮನೆ ರೋಗದ ಚೀಟಿ ಸಿಗುತ್ತದೆ.

ಬೀಡಿಯ ಮಾತು ಬಂದುದರಿಂದ ಒಂದು ವಿಷಯ. ಸೇದದವರಿಗೆ ಸಿ.ಓ.ಪಿ.ಡಿ. ಬರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸೌದೆ ಒಲೆಯ ಮುಂದೆ ದಶಕಗಟ್ಟಲೆ ಅಡಿಗೆ ಮಾಡಿದ, ಅಡಿಕೆ ಬೇಯಿಸುವ ಹಂಡೆಗೆ ಉರಿ ಹಾಕಿದ ಹೆಂಗಸರಿಗೆ ಈ ನಂಬಿಕೆಯಿಂದ ಅನ್ಯಾಯವಾಗಿದೆ. ಸೌದೆಹೊಗೆ ಈ ಕಾಯಿಲೆಗೆ ಕಾರಣವೆಂಬುದರಲ್ಲಿ ಈಗ ಸಂದೇಹವಿಲ್ಲ. ಬೋಲ್ಡ್ ಎಂಬ ಜಾಗತಿಕ ಸಮೀಕ್ಷೆ ಶ್ವಾಸನಾಳದ ಅಡಚಣೆಯನ್ನು ಹಲವು ದೇಶಗಳಲ್ಲಿ ಒಂದೇ ಕ್ರಮದಲ್ಲಿ ಅಳೆಯಿತು. ನಮ್ಮ ಮೈಸೂರೂ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ವೈದ್ಯರು ‘ಸೇದುತ್ತೀರಾ?’ ಎಂದು ಕೇಳಿ ‘ಇಲ್ಲ’ ಎಂದಾಗ ಅಲ್ಲಿಗೆ ನಿಲ್ಲಿಸಬೇಡಿ. ಒಲೆ, ಹಂಡೆ, ಹೊಗೆ ಎಷ್ಟು ವರ್ಷ ಎಂದು ನೀವಾಗಿಯೇ ಹೇಳಿ.

ಮೈಲುತುತ್ತದ ವಿಷಯ ಬೇರೆ. ದ್ರಾಕ್ಷಿತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವವರ ಶ್ವಾಸಕೋಶದಲ್ಲಿ ಗಂಟುಗಳೂ ಗಾಯದ ಕಲೆಗಳೂ ಆಗುವುದನ್ನು 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ವರದಿ ಮಾಡಿದರು. ಕಲೆ ಕಟ್ಟಿದ ಶ್ವಾಸಕೋಶ ಕುಗ್ಗುತ್ತದೆ. ಅಲ್ಲಿ ಪೈಪು ಚೆನ್ನಾಗಿದ್ದು ತೊಟ್ಟಿ ಚಿಕ್ಕದಾಗುತ್ತದೆ. ಆಗ ಪ್ರಮಾಣ 0.80, 0.85 ಎಂದು ಚೆಂದವಾಗಿಯೇ ಕಾಣಬಹುದು. ಪ್ರಮಾಣ ಒಂದನ್ನೇ ನೋಡಿ ಎದೆ ಸರಿಯಿದೆ ಎಂದುಕೊಳ್ಳಬಾರದೆಂಬುದಕ್ಕೆ ಇದನ್ನು ಹೇಳಿದೆ. ಕೊಳೆರೋಗದ ಮದ್ದು ಹೊಡೆಯುವ ಕೊನೆಗಾರರು ಮೂಗು–ಬಾಯಿ ಮುಚ್ಚಿಕೊಳ್ಳಬೇಕೆಂದು ಈ ಪತ್ರಿಕೆಯಲ್ಲಿ ಮತ್ತೆ ಬರೆಯುವ ಅಗತ್ಯವಿರಲಾರದು. ಬರೆದರೂ ಎಷ್ಟು ಮಂದಿ ಕೇಳುತ್ತಾರೋ.

ಊದಿದ್ದೇ ತಪ್ಪಿದ್ದರೆ

ಗೆರೆಗಳ ಜಗಳಕ್ಕಿಂತ ದೊಡ್ಡ ತಪ್ಪು ಊದುವಲ್ಲೇ ಆಗುತ್ತದೆ. ಮೇಲೆ ಹೇಳಿದ ಎಪ್ಪತ್ತೆರಡರ ಬೆಳೆಗಾರರು ಸುಸ್ತಾಗಿ ಬೇಗನೆ ಊದು ನಿಲ್ಲಿಸಿದರೆನ್ನಿ. ಮೊದಲ ಸೆಕೆಂಡಿನ ಗಾಳಿ ಅದೇ 1.81, ಒಟ್ಟು ಗಾಳಿ 2.70ರ ಬದಲು 2.40 ಎಂದು ದಾಖಲಾಯಿತು. ಪ್ರಮಾಣ 0.67ರಿಂದ 0.75ಕ್ಕೆ ಜಿಗಿಯಿತು! ಎರಡೂ ಸೂತ್ರಗಳು ಈಗ ‘ನಾರ್ಮಲ್’ ಎನ್ನುತ್ತವೆ. ಅಡಚಣೆ ಇರುವವರಿಗೇ ಗಾಳಿ ಪೂರ್ತಿ ಹೊರಬರಲು ಹೆಚ್ಚು ಹೊತ್ತು ಬೇಕು, ಅವರೇ ಬೇಗ ದಣಿಯುತ್ತಾರೆ. ಆದುದರಿಂದ ಈ ತಪ್ಪು ನಿಜವಾದ ರೋಗಿಗಳನ್ನೇ ಮರೆಮಾಚುತ್ತದೆ. ‘ಇನ್ನೂ ಊದಿ, ಇನ್ನೂ, ಇನ್ನೂ’ ಎಂದು ತಂತ್ರಜ್ಞರು ಕೂಗುವುದು ನಮ್ಮನ್ನು ಗೋಳುಹೊಯ್ದುಕೊಳ್ಳಲು ಅಲ್ಲ. ಕನಿಷ್ಠ ಮೂರು ಸಲ ಸರಿಯಾಗಿ ಊದಿರಬೇಕು, ಅವುಗಳಲ್ಲಿ ಅತ್ಯುತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರವಿರಬಾರದು ಎಂಬುದು ನಿಯಮ. ಒಂದೇ ಸಲ ಊದಿಸಿ ಚೀಟಿ ಕೊಟ್ಟರೆ ಅದನ್ನು ಪರೀಕ್ಷೆ ಎನ್ನಲಾಗದು.

ಅಡಚಣೆ ಕಾಯಮ್ಮಾದದ್ದೇ ಎಂದು ತಿಳಿಯಲು ಸಾಲ್ಬುಟಮಾಲ್ ಸೇದಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಔಷಧಿಯಿಂದ ಗಾಳಿ ಗಣನೀಯವಾಗಿ ಹೆಚ್ಚಿದರೆ ಆಸ್ತಮಾದ ಕಡೆಗೆ ಯೋಚನೆ ಹೋಗುತ್ತದೆ. ಔಷಧಿಗೆ ಮೊದಲೇ ಪ್ರಮಾಣ 0.70ಕ್ಕಿಂತ ಕಡಿಮೆ ಇಲ್ಲದಿದ್ದರೆ, ಸಿ.ಓ.ಪಿ.ಡಿ. ಹುಡುಕುವ ಮಟ್ಟಿಗೆ, ಸಾಮಾನ್ಯವಾಗಿ ಎರಡನೆಯ ಸುತ್ತು ಬೇಕಾಗದು ಎಂದು ಗೋಲ್ಡ್ 2025ರ ವರದಿಯಲ್ಲಿ ಹೇಳಿದೆ. ಔಷಧಿಯ ನಂತರವೂ 0.60ರಿಂದ 0.80ರ ನಡುವೆ ಬಂದವರು ಬೇರೊಂದು ದಿನ ಮತ್ತೆ ಊದಿ ಖಚಿತಪಡಿಸಿಕೊಳ್ಳಬೇಕೆಂದೂ ಅದೇ ಗೋಲ್ಡಿನ ಸಲಹೆ. ನಮ್ಮ ಜನ ಎರಡನೆಯ ಸಲ ಹೋಗುವುದಿಲ್ಲ. ಬಸ್ಸು, ಒಂದು ದಿನದ ಕೆಲಸ, ಪುನಃ ಖರ್ಚು. ಆದರೂ ಗೆರೆಯ ಹತ್ತಿರದ ಅಂಕಿ ಬಂದವರಿಗೆ ಈ ಎರಡನೆಯ ಸಲದಷ್ಟು ಬೆಲೆಬಾಳುವುದು ಬೇರೊಂದಿಲ್ಲ. ಆಸ್ತಮಾ ಇರುವವರಿಗಂತೂ ಒಳ್ಳೆಯ ದಿನ ಊದಿದರೆ ಎಲ್ಲವೂ ಸರಿಯಾಗಿಯೇ ಬರುತ್ತದೆ. ಒಂದು ಸಲದ ‘ನಾರ್ಮಲ್’ ಅವರನ್ನು ರೋಗಮುಕ್ತರನ್ನಾಗಿ ಮಾಡದು.

ಚೀಟಿ ಕೈಗೆ ಬಂದಾಗ ಎಫ್.ಇ.ವಿ.1 ಮತ್ತು ಎಫ್.ವಿ.ಸಿ.ಗಳ ಪ್ರಮಾಣದ ಸಾಲಿನಲ್ಲಿ ನಿಮ್ಮ ಅಂಕಿಯ ಪಕ್ಕದಲ್ಲಿ ಎಲ್.ಎಲ್.ಎನ್. ಅಥವಾ ಝೆಡ್ ಸ್ಕೋರ್ ಮುದ್ರಿತವಾಗಿದೆಯೇ ನೋಡಿ. ಇಲ್ಲದಿದ್ದರೆ, ‘ನನ್ನ ವಯಸ್ಸಿಗೆ ಇದು ಕಡಿಮೆಯೇ?’ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ನಿಮ್ಮ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದನ್ನು ಸರಿಯಾಗಿ ಬರೆದುಕೊಂಡಿದ್ದಾರೆಯೇ ಎಂದೂ ನೋಡಿ. ವಯಸ್ಸನ್ನು ಅಂದಾಜಿನಲ್ಲಿ ಹೇಳುವುದು, ಎತ್ತರವನ್ನು ಅಳೆಯದೆ ಬರೆಯುವುದು ನಮ್ಮಲ್ಲಿ ಮಾಮೂಲು. ಸಹಜ ಅಂಕಿಗಳ ಲೆಕ್ಕವೆಲ್ಲ ಅವುಗಳ ಮೇಲೆಯೇ ನಿಂತಿದೆ. ಹಳೆಯ ಚೀಟಿಗಳನ್ನು ಬಿಸಾಡಬೇಡಿ. ದೊಡ್ಡವರಲ್ಲಿ ಎಫ್.ಇ.ವಿ.1 ವರ್ಷಕ್ಕೆ ಸುಮಾರು 30 ಮಿಲಿಲೀಟರಿನಷ್ಟು ತಾನಾಗಿಯೇ ಇಳಿಯುತ್ತದೆ. ಐದು ವರ್ಷದ ಹಿಂದಿನ ಚೀಟಿಗೂ ಇಂದಿನದಕ್ಕೂ ಅರ್ಧ ಲೀಟರು ವ್ಯತ್ಯಾಸ ಕಂಡರೆ, ಎರಡೂ ಗೆರೆಗಳ ಮೇಲೆಯೇ ನೀವಿದ್ದರೂ ವೈದ್ಯರು ಅದನ್ನು ನೋಡಲೇಬೇಕು.

ಪರೀಕ್ಷೆಗೆ ಹೋಗುವ ದಿನ ಒಂದು ಗಂಟೆ ಮೊದಲಿನಿಂದ ಬೀಡಿ, ಸಿಗರೇಟು ಸೇದಬಾರದು, ದಾಪುಗಾಲಿನಲ್ಲಿ ಏರು ಹತ್ತಿ ಬಂದು ಹಾಗೆಯೇ ಕೂರಬಾರದು, ಎದೆ–ಹೊಟ್ಟೆ ಬಿಗಿಯುವ ಉಡುಪು ಬೇಡ. ಇನ್ಹೇಲರ್ ಬಳಸುವವರು ಯಾವುದನ್ನು ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು, ತಾವಾಗಿಯೇ ನಿಲ್ಲಿಸಬಾರದು. ಈಚೆಗೆ ಹೃದಯಾಘಾತವಾದವರು, ಕಣ್ಣಿನ ಪೊರೆ ತೆಗೆಸಿ ವಾರ ತುಂಬದವರು, ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ತಿಂಗಳಾಗದವರು, ಕಫದಲ್ಲಿ ರಕ್ತ ಕಂಡವರು, ಕ್ಷಯದ ಶಂಕೆ ಇರುವವರು ಊದುವ ಮೊದಲೇ ಅದನ್ನು ತಿಳಿಸತಕ್ಕದ್ದು.